ಗುಮ್ಮಟದಿಂದ ರೋಜಾದವರೆಗೆ: ವಿಜಯಪುರವನ್ನು ನಡೆದು ನೋಡುವ ಬಗೆ

ವಿಜಯಪುರಕ್ಕೆ ಬರುವವರಲ್ಲಿ ಹೆಚ್ಚಿನವರು ಅರ್ಧ ದಿನದಲ್ಲಿ ಊರು ಮುಗಿಸಿ ಹೊರಟುಬಿಡುತ್ತಾರೆ. ಬಾದಾಮಿ, ಐಹೊಳೆ, ಪಟ್ಟದಕಲ್ಲು, ಕೂಡಲಸಂಗಮ, ಆಲಮಟ್ಟಿ ಎಂದು ಹೊರಟ ಗಾಡಿ ಗೋಳಗುಮ್ಮಟದ ಮುಂದೆ ಎರಡು ತಾಸು ನಿಲ್ಲುತ್ತದೆ. ಮಕ್ಕಳು ಮೇಲೆ ಹತ್ತಿ ಕೂಗಿ ಇಳಿಯುತ್ತಾರೆ. ಸಮಯ ಉಳಿದರೆ ಆಟೊದಲ್ಲಿ ಇಬ್ರಾಹಿಂ ರೋಜಾ, ದಾರಿಯಲ್ಲಿ ಮಲಿಕ್-ಎ-ಮೈದಾನ್ ತೋಪಿನ ಪಕ್ಕ ಒಂದು ಫೋಟೊ. ಊಟ ಮುಗಿಸಿ ಮುಂದಿನ ಊರಿಗೆ.

ಈ ಊರಿನವನಾಗಿ, ಬಂದವರಿಗೆ ಊರು ತೋರಿಸುವುದನ್ನು ಪ್ರೀತಿಯಿಂದ ಮಾಡುವವನಾಗಿ ನನಗೆ ಇದು ಸಂಕಟದ ವಿಷಯ. ಗೋಳಗುಮ್ಮಟ ದೊಡ್ಡದೇ. ಆದರೆ ಅದು ಎರಡು ಶತಮಾನ ಬಾಳಿದ ಆದಿಲ್ ಶಾಹಿ ಸುಲ್ತಾನರ ರಾಜಧಾನಿಯ ಕೊನೆಯ ಭಾಗದಲ್ಲಿ ಎದ್ದ ಕಟ್ಟಡ. ಅದರ ಹಿಂದೆ ಕೋಟೆಯಿದೆ, ನೀರಿನ ಏರ್ಪಾಡಿದೆ, ಅರಮನೆಗಳ ಒಳಕೋಟೆಯಿದೆ, ಇಂದಿಗೂ ನಮಾಜು ನಡೆಯುವ ಮಸೀದಿಯಿದೆ, ಗುಡಿಗಳಿವೆ, ಮುಗಿಸದೆ ಬಿಟ್ಟ ಗೋರಿಯಿದೆ. ಇವೆಲ್ಲ ಪೂರ್ವದಿಂದ ಪಶ್ಚಿಮಕ್ಕೆ ಹೆಚ್ಚುಕಡಿಮೆ ಒಂದೇ ದಾರಿಯಲ್ಲಿ ಸಿಗುತ್ತವೆ. ಅಲ್ಲಲ್ಲಿ ಬಳಸಿಕೊಂಡು ಹೋದರೂ ಒಟ್ಟು ದಾರಿ ಐದಾರು ಕಿಲೋಮೀಟರು. ನೆಲ ಬಹುಮಟ್ಟಿಗೆ ಸಮ, ಏರಿಳಿತವಿಲ್ಲ. ಕಾಲು ಗಟ್ಟಿಯಿರುವ ಯಾರಾದರೂ ನಡೆಯಬಹುದು. ನನ್ನ ಸಲಹೆ ಇಷ್ಟೇ: ಊರಿಗೆ ಎರಡು ದಿನ ಕೊಡಿ, ಪೂರ್ವದಿಂದ ಪಶ್ಚಿಮಕ್ಕೆ ನಡೆಯಿರಿ, ಬೆಳಗನ್ನು ಗುಮ್ಮಟಕ್ಕೂ ಸಂಜೆಯನ್ನು ರೋಜಾಕ್ಕೂ ಮೀಸಲಿಡಿ.

ಯಾವಾಗ ಬರಬೇಕು

ನವೆಂಬರ್‌ನಿಂದ ಫೆಬ್ರುವರಿವರೆಗೆ. ಮಾರ್ಚ್ ದಾಟಿದ ಮೇಲೆ ಇಲ್ಲಿನ ಬಿಸಿಲಲ್ಲಿ ನಡೆಯುವ ಮಾತು ಬೇಡ. ಏಪ್ರಿಲ್, ಮೇ ತಿಂಗಳಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವುದು ಇಲ್ಲಿ ಸಾಮಾನ್ಯ. ಕಪ್ಪು ಕಲ್ಲಿನ ಅಂಗಳಗಳು ಹನ್ನೊಂದು ಗಂಟೆಗೇ ಹಂಚಾಗುತ್ತವೆ. ಹಲವು ಕಡೆ ಚಪ್ಪಲಿ ಬಿಟ್ಟು ಒಳಗೆ ಹೋಗಬೇಕಾಗುವುದರಿಂದ ಚೀಲದಲ್ಲಿ ಒಂದು ಜೊತೆ ದಪ್ಪ ಕಾಲುಚೀಲ ಇರಲಿ. ನೀರು, ಟೋಪಿ, ಚಿಕ್ಕ ಟಾರ್ಚ್ ಕೂಡ ಬೇಕು. ಟಾರ್ಚ್ ಯಾಕೆಂದರೆ ಇಲ್ಲಿನ ಅತಿ ಚಂದದ ಕೆತ್ತನೆಗಳು ಕತ್ತಲೆಯ ಮೂಲೆಗಳಲ್ಲಿ, ಮಹಡಿ ಏರುವ ಮೆಟ್ಟಿಲುಗಳ ಬಾಗಿಲಲ್ಲಿ ಇರುತ್ತವೆ.

ಜನವರಿಯಲ್ಲಿ ಸಂಕ್ರಾಂತಿಯ ಹೊತ್ತಿಗೆ ಸಿದ್ಧೇಶ್ವರ ಜಾತ್ರೆ. ಆಗ ಬಂದರೆ ಊರಿನ ಇನ್ನೊಂದು ಮುಖ ಕಾಣುತ್ತದೆ. ಸುತ್ತಲಿನ ಹಳ್ಳಿಗಳ ಜನ, ಜಾನುವಾರು ಸಂತೆ, ನಂದಿಕೋಲು. ಆದರೆ ವಸತಿಗೃಹ ಮೊದಲೇ ಕಾಯ್ದಿರಿಸಿಕೊಳ್ಳಿ. ಶುಕ್ರವಾರದ ಬಗ್ಗೆಯೂ ಒಂದು ಎಚ್ಚರ: ಗೋಳಗುಮ್ಮಟದ ಮುಂದಿರುವ ವಸ್ತುಸಂಗ್ರಹಾಲಯಕ್ಕೆ ಅಂದು ರಜೆ, ಜಾಮಿ ಮಸೀದಿಯಲ್ಲಿ ಮಧ್ಯಾಹ್ನದ ದೊಡ್ಡ ನಮಾಜು. ಹಾಗಾಗಿ ಎರಡು ದಿನದಲ್ಲಿ ಒಂದು ಶುಕ್ರವಾರವಾದರೆ ಆ ದಿನವನ್ನು ಪಶ್ಚಿಮ ಭಾಗಕ್ಕೆ ಇಟ್ಟುಕೊಳ್ಳಿ.

ಮೈಸೂರು, ಬೆಂಗಳೂರು ಕಡೆಯಿಂದ ಬರುವವರಿಗೆ ಗೋಲಗುಂಬಜ್ ಎಕ್ಸ್‌ಪ್ರೆಸ್ ಅನುಕೂಲ. ರಾತ್ರಿ ಮಲಗಿದರೆ ಬೆಳಿಗ್ಗೆ ಇಲ್ಲಿ. ರೈಲು ನಿಲ್ದಾಣವೂ ಊರ ಪೂರ್ವದಲ್ಲೇ ಇದೆ, ಗುಮ್ಮಟ ಅಲ್ಲಿಂದ ನಡೆದು ಹೋಗುವಷ್ಟು ಹತ್ತಿರ.

ಮೊದಲ ಬೆಳಗು: ಗುಮ್ಮಟ

ಬಾಗಿಲು ತೆರೆಯುವ ಹೊತ್ತಿಗೇ ಗೋಳಗುಮ್ಮಟದಲ್ಲಿರಿ. ಇದು ನನ್ನ ಎಲ್ಲ ಸಲಹೆಗಳಲ್ಲಿ ಮುಖ್ಯವಾದದ್ದು. ಹತ್ತು ಗಂಟೆಗೆ ಶಾಲಾ ಮಕ್ಕಳ ಬಸ್ಸುಗಳು ಬರುತ್ತವೆ. ಆಮೇಲೆ ಮೇಲಿನ ಗ್ಯಾಲರಿಯಲ್ಲಿ ಕೇಳುವುದು ಕಿರುಚಾಟ ಮಾತ್ರ. ಮಕ್ಕಳ ಖುಷಿಗೆ ನನ್ನ ತಕರಾರಿಲ್ಲ. ಆದರೆ ಆ ಗ್ಯಾಲರಿಯ ಸೋಜಿಗ ಪಿಸುಮಾತಿನಲ್ಲಿದೆ, ಕೂಗಿನಲ್ಲಿಲ್ಲ.

ಮೊದಲು ಕೆಳಗೆ ನಿಲ್ಲಿ, ಮೇಲೆ ಹತ್ತುವ ಅವಸರ ಬೇಡ. ಮುಹಮ್ಮದ್ ಆದಿಲ್ ಶಾಹನ ಗೋರಿ ಇದು. ಅವನು ಆಳಿದ್ದು 1627ರಿಂದ 1656ರವರೆಗೆ. ಗೋರಿಯನ್ನು ಕಟ್ಟಿಸತೊಡಗಿದವನೂ ಅವನೇ. ಶಿಲ್ಪಿ ದಾಬೋಲದ ಯಾಕೂತ್. ಗುಮ್ಮಟದ ಹೊರ ಅಡ್ಡಳತೆ ಸುಮಾರು 44 ಮೀಟರ್. ಒಳಗೆ ಒಂದೇ ಒಂದು ಕಂಬವಿಲ್ಲ. ಚೌಕದ ಕೋಣೆಯ ಮೇಲೆ ದುಂಡನೆಯ ಗುಮ್ಮಟ ಕೂತದ್ದು ಹೇಗೆ ಎಂಬುದನ್ನು ಕಣ್ಣಾರೆ ನೋಡಬಹುದು: ಒಂದು ಮೂಲೆಯ ಕಡೆ ತಿರುಗಿ ತಲೆಯೆತ್ತಿ. ಗೋಡೆಯಿಂದ ಎದ್ದ ಎತ್ತರದ ಕಮಾನುಗಳು ಒಂದನ್ನೊಂದು ಅಡ್ಡ ಹಾಯುತ್ತವೆ. ಒಟ್ಟು ಎಂಟು. ಒಂದರ ಮೇಲೊಂದು ತಿರುಗಿಸಿ ಇಟ್ಟ ಎರಡು ಚೌಕಗಳ ಬದಿಗಳು ಇವು ಎಂದು ಊಹಿಸಿಕೊಂಡರೆ ವಿನ್ಯಾಸ ತಟ್ಟನೆ ಹೊಳೆಯುತ್ತದೆ. ಈ ಹೆಣಿಗೆ ಚೌಕವನ್ನು ಎಂಟು ಮೂಲೆಯಾಗಿಸಿ, ಗುಮ್ಮಟದ ಭಾರವನ್ನು ಒಳಮುಖವಾಗಿ ಹಿಡಿದು ಗೋಡೆಗಿಳಿಸುತ್ತದೆ. ಗ್ಯಾಲರಿ ಕೂತಿರುವುದೂ ಇದರ ಮೇಲೆಯೇ.

ನಡುವಿನ ಕಟ್ಟೆಯ ಮೇಲೆ ಕಾಣುವ ಗೋರಿಗಳು ಗುರುತಿಗಾಗಿ ಮಾತ್ರ. ನಿಜವಾದವು ಕೆಳಗಿನ ನೆಲಮನೆಯಲ್ಲಿವೆ. ಸುಲ್ತಾನ, ಅವನ ಬೇಗಂಗಳಾದ ತಾಜ್ ಜಹಾನ್ ಮತ್ತು ಅರೂಸ್ ಬೀಬಿ, ನರ್ತಕಿ ರಂಭಾ, ಮಗಳು, ಮೊಮ್ಮಗ. ರಂಭೆಯ ಕುರಿತು ಹತ್ತಾರು ಕತೆಗಳನ್ನು ಇಲ್ಲಿ ಹೇಳುತ್ತಾರೆ. ನನಗೆ ಮುಖ್ಯವೆನಿಸುವುದು ಒಂದೇ: ನರ್ತಕಿಯೊಬ್ಬಳು ಸುಲ್ತಾನನ ಪಕ್ಕದಲ್ಲಿ, ಅದೇ ಕಟ್ಟೆಯ ಮೇಲೆ ಜಾಗ ಪಡೆದಿದ್ದಾಳೆ.

ನಾಲ್ಕೂ ಮೂಲೆಯ ಎಂಟು ಮುಖದ ಗೋಪುರಗಳಲ್ಲಿ ಏಳೇಳು ಅಂತಸ್ತು. ಮೆಟ್ಟಿಲು ಇಕ್ಕಟ್ಟು, ಕಡಿದು. ಮೊಣಕಾಲು ನೋವಿದ್ದವರು ಪ್ರತಿ ಅಂತಸ್ತಿನಲ್ಲೂ ಕಿಂಡಿಯ ಹತ್ತಿರ ನಿಂತು ಉಸಿರು ತೆಗೆದುಕೊಂಡು ಹತ್ತಲಿ. ಮೇಲೆ ಬಂದಾಗ ಮೊದಲು ತೆರೆದ ಚಾವಣಿ, ಆಮೇಲೆ ಗುಮ್ಮಟದ ಬುಡದ ಬಾಗಿಲು. ಆ ಬುಡದ ಸುತ್ತ ಅರಳಿದ ಗಾರೆಯ ದಳಗಳನ್ನು ಇಲ್ಲಿ ಕೈಯಳತೆಯಲ್ಲಿ ನೋಡಬಹುದು. ಕೆಳಗಿನಿಂದ ಸಣ್ಣದಾಗಿ ಕಾಣುವ ಒಂದೊಂದು ದಳ ಆಳೆತ್ತರಕ್ಕೂ ಮಿಗಿಲು.

ಗ್ಯಾಲರಿಯೊಳಗೆ ಜೊತೆಗಾರರನ್ನು ಎದುರು ಬದಿಗೆ ಕಳಿಸಿ. ನೀವು ಗೋಡೆಗೆ ಮುಖ ಮಾಡಿ, ಅದಕ್ಕೆ ಹತ್ತಿರವಾಗಿ, ಕಿವಿಯಲ್ಲಿ ಹೇಳುವಷ್ಟೇ ಮೆಲ್ಲಗೆ ಮಾತಾಡಿ. ಹತ್ತಿರಹತ್ತಿರ 38 ಮೀಟರ್ ಆಚೆ ಇರುವವರಿಗೆ ಅದು ಸ್ಪಷ್ಟವಾಗಿ ಕೇಳುತ್ತದೆ. ಬಾಗಿದ ಗೋಡೆ ಸದ್ದನ್ನು ಚೆದುರಲು ಬಿಡದೆ ತನ್ನ ಮೈಗುಂಟ ಸಾಗಿಸುತ್ತದೆ. ಆಮೇಲೆ ಒಂದು ಕಾಗದ ಹರಿಯಿರಿ, ಬೆಂಕಿಕಡ್ಡಿ ಪೆಟ್ಟಿಗೆ ಅಲ್ಲಾಡಿಸಿ. ಒಂದು ಚಪ್ಪಾಳೆ ತಟ್ಟಿ, ಮರುದನಿ ಪೂರ್ತಿ ಸಾಯುವವರೆಗೆ ಕಾಯಿರಿ. ಎಷ್ಟು ಸಲ ಮರಳುತ್ತದೆ ಎಂದು ಮಕ್ಕಳಿಗೆ ಎಣಿಸಲು ಹೇಳಿ. ಹೀಗೆ ಕೇಳಿದ ಮಕ್ಕಳು ಅಲ್ಲಿ ಕಿರುಚುವುದಿಲ್ಲ.

ಹೊರಗಿನ ಚಾವಣಿಯಲ್ಲಿ ಹದಿನೈದು ನಿಮಿಷವಾದರೂ ಕಳೆಯಿರಿ. ನಡಿಗೆಯ ನಕ್ಷೆ ಸಿಗುವುದು ಅಲ್ಲಿಯೇ. ಪೂರ್ವಕ್ಕೆ ಕೋಟೆಗೋಡೆ, ಅದರಾಚೆ ರೈಲು ನಿಲ್ದಾಣ. ಪಶ್ಚಿಮಕ್ಕೆ ತಿರುಗಿದರೆ ಎಡಗಡೆ ಜಾಮಿ ಮಸೀದಿಯ ಗುಮ್ಮಟ, ನಡುವೆ ಮರಗಳ ಗುಂಪಿನಲ್ಲಿ ಒಳಕೋಟೆಯಾದ ಅರಕಿಲ್ಲೆ, ದೂರದಲ್ಲಿ ಉಪಲಿ ಬುರುಜು. ದಿಗಂತ ತಿಳಿಯಾಗಿದ್ದರೆ ರೋಜಾದ ಮಿನಾರುಗಳು. ನೀವು ನಡೆಯಬೇಕಾದ ದಾರಿ ಕಣ್ಣ ಮುಂದೆ ಹರಡಿರುತ್ತದೆ.

ಇಳಿದ ಮೇಲೆ ನಗಾರಖಾನೆಯಲ್ಲಿರುವ ವಸ್ತುಸಂಗ್ರಹಾಲಯಕ್ಕೆ ಒಂದು ತಾಸು ಕೊಡಿ. 1892ರಲ್ಲಿ ಶುರುವಾದದ್ದು. ಶಾಸನಗಳು, ಹಸ್ತಪ್ರತಿಗಳು, ಚಿತ್ರಗಳು, ಆಯುಧಗಳು ಇವೆ. ಆದಿಲ್ ಶಾಹಿಗಳಿಗಿಂತ ಹಿಂದಿನ ಶಿಲ್ಪಗಳೂ ಇರುವುದರಿಂದ, ಕಲ್ಯಾಣದ ಚಾಲುಕ್ಯರ ಕಾಲದ ಊರೊಂದು ಈ ರಾಜಧಾನಿಯ ಅಡಿಯಲ್ಲಿದೆ ಎಂಬುದು ಮನಸ್ಸಿಗೆ ಬರುತ್ತದೆ.

ಮಸೀದಿಯಿಂದ ಅರಕಿಲ್ಲೆಗೆ

ಗುಮ್ಮಟದಿಂದ ಜಾಮಿ ಮಸೀದಿಗೆ ದೊಡ್ಡ ರಸ್ತೆ ಬಿಟ್ಟು ಒಳಗಿನ ಓಣಿಗಳಲ್ಲಿ ಹೋಗಿ. ದಾರಿ ಕೇಳಿದರೆ ಯಾರಾದರೂ ‘ಹೀಂಗ ನೆಟ್ಟಗ ಹೋಗ್ರಿ’ ಎನ್ನುತ್ತಾರೆ. ಎಷ್ಟೋ ಸಲ ನಾಲ್ಕು ಹೆಜ್ಜೆ ಜೊತೆಗೂ ಬರುತ್ತಾರೆ. ಮನೆಗಳ ನಡುವೆ, ಹಿತ್ತಲುಗಳ ಅಂಚಿನಲ್ಲಿ ಸಣ್ಣ ಗುಮ್ಮಟಗಳು, ಹೆಸರಿಲ್ಲದ ಗೋರಿಗಳು, ಅರ್ಧ ಮುರಿದ ಕಮಾನುಗಳು ಸಿಗುತ್ತವೆ. ಇವು ಜನ ಬಾಳುವ ಓಣಿಗಳು. ಬಾಗಿಲಲ್ಲಿ ಕೂತವರ ಫೋಟೊ ತೆಗೆಯುವ ಮೊದಲು ಕೇಳಿ. ಕೇಳಿದವರಿಗೆ ಇಲ್ಲಿ ಸಾಮಾನ್ಯವಾಗಿ ಚಹಾ ಸಿಗುತ್ತದೆ.

ಜಾಮಿ ಮಸೀದಿ ಒಂದನೆಯ ಅಲಿ ಆದಿಲ್ ಶಾಹನ ಕಾಲದ್ದು. 1565ರ ತಾಳಿಕೋಟೆ ಯುದ್ಧದಲ್ಲಿ ವಿಜಯನಗರದ ಮೇಲೆ ಗೆದ್ದ ಸುಲ್ತಾನರಲ್ಲಿ ಅವನೊಬ್ಬ. ಊರಿನ ಸುತ್ತ ಕೋಟೆ, ಒಳಗೆ ನೀರಿನ ಏರ್ಪಾಡು, ಈ ಮಸೀದಿ ಎಲ್ಲವೂ ಅವನ ಆಳ್ವಿಕೆಯ ಕೆಲಸಗಳು. ಪ್ರಾರ್ಥನೆಯ ಹಾಲ್‌ಗೆ ಕಾಲಿಟ್ಟಾಗ ಗಮನಿಸಬೇಕಾದದ್ದು ಖಾಲಿತನ. ಬಿಳಿ ಗಾರೆ, ಸಾಲು ಕಮಾನು, ನೆರಳು, ಅಷ್ಟೇ. ಅಲಂಕಾರವನ್ನೆಲ್ಲ ಒಂದೇ ಕಡೆ ಕೂಡಿಟ್ಟಿದ್ದಾರೆ: ಪಶ್ಚಿಮ ಗೋಡೆಯ ಮಿಹ್ರಾಬಿನಲ್ಲಿ. ಅದಕ್ಕೆ ಪರದೆ ಹಾಕಿರುತ್ತಾರೆ. ನಮಾಜಿನ ಹೊತ್ತಲ್ಲದಿದ್ದರೆ ಅಲ್ಲಿರುವವರನ್ನು ವಿನಯದಿಂದ ಕೇಳಿ, ಸರಿಸಿ ತೋರಿಸುತ್ತಾರೆ. ಬಂಗಾರದ ಬಣ್ಣದ ಬರಹ, ಚಿತ್ರಿಸಿದ ಗೂಡುಗಳು, ಹೂದಾನಿಗಳು. 1636ರಲ್ಲಿ, ಮುಹಮ್ಮದ್ ಆದಿಲ್ ಶಾಹನ ಕಾಲದಲ್ಲಿ ಇದನ್ನು ಮಾಡಿಸಿದರು. ನೆಲದಲ್ಲಿ ಒಬ್ಬೊಬ್ಬರಿಗೆ ಒಂದೊಂದರಂತೆ ಜಮಖಾನೆಯ ಆಕಾರದ ಗುರುತುಗಳಿವೆ, ಎರಡು ಸಾವಿರಕ್ಕೂ ಹೆಚ್ಚು. ಅವು ಔರಂಗಜೇಬನ ಕಾಲದಲ್ಲಿ ಸೇರಿದವು ಎನ್ನುತ್ತಾರೆ. ಮೈ ಮುಚ್ಚುವ ಬಟ್ಟೆ ಹಾಕಿಕೊಂಡು ಹೋಗಿ, ತಲೆಗೊಂದು ವಸ್ತ್ರ ಜೊತೆಯಲ್ಲಿರಲಿ.

ಮಸೀದಿಯಿಂದ ಅರಕಿಲ್ಲೆಯ ಕಡೆ ಹೋಗುವ ದಾರಿಯಲ್ಲಿ ಮೆಹ್ತರ್ ಮಹಲ್. ಇದನ್ನು ತಪ್ಪಿಸಿಕೊಳ್ಳುವವರೇ ಹೆಚ್ಚು. ಮಹಲ್ ಎಂಬ ಹೆಸರು ನೋಡಿ ಅರಮನೆ ಹುಡುಕಬೇಡಿ. ಒಂದು ಸಣ್ಣ ಮಸೀದಿಗೆ ಹೋಗುವ ಎತ್ತರದ ಹೆಬ್ಬಾಗಿಲು ಇದು, ಸುಮಾರು 1620ರದ್ದು. ಬಾಲ್ಕನಿಯನ್ನು ಹೊತ್ತ ಕಲ್ಲಿನ ಕೈತೋಳುಗಳ ಕೆಳಗೆ ನಿಂತು ಟಾರ್ಚ್ ಬಿಡಿ. ಹಕ್ಕಿಗಳು, ಸಿಂಹಗಳು, ಆನೆಗಳು. ಕಲ್ಲನ್ನು ಮರದಂತೆ ಕೊರೆದು ಹಗುರ ಮಾಡಿದ್ದಾರೆ. ಇಡೀ ಊರಲ್ಲಿ ಒಂದೇ ಕೆತ್ತನೆ ನೋಡಲು ಸಮಯವಿದೆ ಎನ್ನುವವರನ್ನು ನಾನು ಇಲ್ಲಿಗೇ ಕರೆತರುತ್ತೇನೆ.

ಅಲ್ಲಿಂದ ಆಸಾರ್ ಮಹಲ್ ಹತ್ತಿರ. ಎತ್ತರದ ಮರದ ಕಂಬಗಳ ತೆರೆದ ಮುಂಭಾಗ, ಎದುರಿಗೆ ಕೊಳ. ಮುಹಮ್ಮದ್ ಆದಿಲ್ ಶಾಹನ ಕಾಲದಲ್ಲಿ ನ್ಯಾಯ ಹೇಳುವ ಸ್ಥಳವಾಗಿದ್ದು, ಆಮೇಲೆ ಪ್ರವಾದಿಯವರ ಕೇಶದ ಅವಶೇಷವಿರುವ ಪವಿತ್ರ ಸ್ಥಳವಾಯಿತು. ಒಳಗೆ ಹೆಣ್ಣುಮಕ್ಕಳಿಗೆ ಪ್ರವೇಶವಿಲ್ಲ. ಮೇಲಂತಸ್ತಿನ ಗೋಡೆ ಚಿತ್ರಗಳನ್ನು ಎಲ್ಲರೂ ನೋಡುವಂತಾಗಲಿ ಎಂಬುದು ನನ್ನ ಮನದಾಸೆ. ಅಲ್ಲಿಯವರೆಗೆ ಈ ನಿಯಮ ತಿಳಿದುಕೊಂಡೇ ಬಂದರೆ ಬಾಗಿಲಲ್ಲಿ ಬೇಸರವಾಗದು. ಕೊಳದ ದಂಡೆಯಿಂದ ಮುಂಭಾಗವನ್ನು ಎಲ್ಲರೂ ನೋಡಬಹುದು.

ಹಿಂದೆ ಆಸಾರ್ ಮಹಲ್‌ನಿಂದ ಒಳಕೋಟೆಗೆ ಸೇತುವೆಯಿತ್ತು. ಒಳಕೋಟೆಯೇ ಅರಕಿಲ್ಲೆ. ಈಗ ಇದರ ಮೈಯಲ್ಲಿ ಸರ್ಕಾರಿ ಕಚೇರಿ, ರಸ್ತೆ, ತೋಟ ಎಲ್ಲ ಬೆರೆತಿವೆ. ಕಾರಣವಿದೆ. ಬ್ರಿಟಿಷರು 1885ರಲ್ಲಿ ಜಿಲ್ಲಾ ಕೇಂದ್ರವನ್ನು ಕಲಾದಗಿಯಿಂದ ಇಲ್ಲಿಗೆ ತಂದಾಗ ಹಾಳುಬಿದ್ದ ಅರಮನೆಗಳನ್ನೇ ದುರಸ್ತಿ ಮಾಡಿ ಕಚೇರಿ, ಬಂಗಲೆ ಮಾಡಿಕೊಂಡರು. ಹಾಗಾಗಿ ಇಲ್ಲಿ ನಡೆಯುವಾಗ ಯಾವುದು ಅರಮನೆ, ಯಾವುದು ಕಚೇರಿ ಎಂದು ಒಮ್ಮೆಗೇ ತಿಳಿಯುವುದಿಲ್ಲ. ಎಷ್ಟೋ ಕಡೆ ಎರಡೂ ನಿಜ.

ಇಲ್ಲಿ ಮೂರು ಜಾಗ ತಪ್ಪಿಸಬೇಡಿ. ಮೊದಲನೆಯದು ಕರೀಮುದ್ದೀನ್ ಮಸೀದಿ. ಆದಿಲ್ ಶಾಹಿಗಳು ಬರುವುದಕ್ಕೂ ಸುಮಾರು 170 ವರ್ಷ ಮೊದಲಿನದು, 1320ರದ್ದು. ಕಂಬಗಳು ಹಳೆಯ ಗುಡಿಗಳವು. ಅದನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು, ನೋಡಿದರೆ ಯಾರಿಗಾದರೂ ಕಾಣುತ್ತದೆ. ಅಲ್ಲಿನ ಬರಹದಲ್ಲಿ ಕಟ್ಟಿಸಿದವನ ಹೆಸರಿನ ಜೊತೆ ಕಟ್ಟಿದವನ ಹೆಸರೂ ಇದೆ: ಸಾಲೋಟಗಿಯ ಬಡಗಿ ರೇವಯ್ಯ. ಸಾಲೋಟಗಿ ಇಲ್ಲೇ ಇಂಡಿ ತಾಲ್ಲೂಕಿನ ಊರು, ರಾಷ್ಟ್ರಕೂಟರ ಕಾಲದಲ್ಲೇ ವಿದ್ಯಾಕೇಂದ್ರವಾಗಿ ಹೆಸರು ಮಾಡಿದ್ದು. ಈ ನಾಡಿನ ಕುಶಲಕರ್ಮಿಯೊಬ್ಬನ ಹೆಸರು ಏಳು ಶತಮಾನ ಉಳಿದದ್ದು ನನಗೆ ಬಹಳ ದೊಡ್ಡ ಸಂಗತಿ ಎನಿಸುತ್ತದೆ.

ಎರಡನೆಯದು ಕಂದಕದ ಬದಿಯ ನರಸೋಬನ ಗುಡಿ. ಅಶ್ವತ್ಥ ಮರದಡಿಯ ಚಿಕ್ಕ ಗುಡಿ, ಬೆಳಿಗ್ಗೆ ಸಂಜೆ ಭಕ್ತರು ಇರುತ್ತಾರೆ. ಸುಲ್ತಾನ ಎರಡನೆಯ ಇಬ್ರಾಹಿಂ ಆದಿಲ್ ಶಾಹ ಇಲ್ಲಿಗೆ ನಡೆದುಕೊಳ್ಳುತ್ತಿದ್ದ ಎಂಬುದು ಊರಿನ ನಂಬಿಕೆ. ಮೂರನೆಯದು ಗಗನ್ ಮಹಲ್, 1561ರದ್ದು. ಮೂರು ಕಮಾನುಗಳ ಮುಂಭಾಗ, ನಡುವಿನದು ಅತಿ ಅಗಲ. ಮೇಲಿನ ಮರದ ಚಾವಣಿ ಎಂದೋ ಹೋಗಿದೆ. ಈಗ ಕಮಾನಿನಾಚೆ ಬರೀ ಆಕಾಶ. ದರ್ಬಾರು ನಡೆಯುತ್ತಿದ್ದ ಈ ಜಾಗದಲ್ಲೇ 1686ರಲ್ಲಿ ಕೊನೆಯ ಸುಲ್ತಾನ ಸಿಕಂದರ್ ಔರಂಗಜೇಬನ ಮುಂದೆ ಶರಣಾದ. ಬೆಳ್ಳಿಯ ಸಂಕೋಲೆ ತೊಡಿಸಿ ಅವನನ್ನು ಕರೆತಂದರೆಂದು ಹೇಳುತ್ತಾರೆ. ಈಗ ಮುಂದಿನ ಹುಲ್ಲುಹಾಸಿನಲ್ಲಿ ಕಾಲೇಜು ಹುಡುಗರು ಪರೀಕ್ಷೆಗೆ ಓದುತ್ತ ಕೂತಿರುತ್ತಾರೆ.

ಬಾರಾ ಕಮಾನ್ ಇಲ್ಲಿಂದ ಸ್ವಲ್ಪ ದೂರ. ಎರಡನೆಯ ಅಲಿ ಆದಿಲ್ ಶಾಹನ ಗೋರಿ, ಮುಗಿಯದೇ ನಿಂತದ್ದು. ಅವನು 1672ರಲ್ಲಿ ತೀರಿಹೋದ. ಇದರ ನೆರಳು ಗೋಳಗುಮ್ಮಟದ ಮೇಲೆ ಬೀಳುತ್ತದೆಂದು ತಂದೆಯೇ ಮಗನನ್ನು ಕೊಲ್ಲಿಸಿದನೆಂಬ ಕತೆಯನ್ನು ಯಾರಾದರೂ ಹೇಳಿಯಾರು. ಒಂದು ಲೆಕ್ಕ ಹಾಕಿ: ತಂದೆ ಮುಹಮ್ಮದ್ ಆದಿಲ್ ಶಾಹ 1656ರಲ್ಲೇ ಸತ್ತಿದ್ದ. ಅಲಿಯ ಕಾಲಕ್ಕೆ ಮೊಗಲರು ಒಂದು ಕಡೆ, ಮರಾಠರು ಇನ್ನೊಂದು ಕಡೆ ರಾಜ್ಯವನ್ನು ಹಿಂಡುತ್ತಿದ್ದರು. ಇಂಥ ದೊಡ್ಡ ಗೋರಿಯನ್ನು ಮುಗಿಸುವ ಶಕ್ತಿ ಬೊಕ್ಕಸಕ್ಕೆ ಉಳಿದಿರಲಾರದು. ಕಪ್ಪು ಕಮಾನುಗಳ ಸಾಲು ಸಂಜೆ ಐದರ ಸುಮಾರಿಗೆ ಚೆನ್ನಾಗಿ ಕಾಣುತ್ತದೆ.

ಊಟದ ಮಾತು

ಮಧ್ಯಾಹ್ನ ಹನ್ನೆರಡರಿಂದ ಮೂರೂವರೆವರೆಗೆ ನಡೆಯಬೇಡಿ, ಚಳಿಗಾಲದಲ್ಲೂ ಬೇಡ. ಗಾಂಧಿ ಚೌಕದ ಸುತ್ತ ಯಾವುದಾದರೂ ಖಾನಾವಳಿಗೆ ಹೋಗಿ. ಜೋಳದ ರೊಟ್ಟಿ ಬಿಸಿಯದು ಬೇಕೋ ಕಡಕ್ ಬೇಕೋ ಎಂದು ಕೇಳುತ್ತಾರೆ. ಮೊದಲ ಸಲ ಬಂದವರು ಬಿಸಿಯದನ್ನೇ ಹೇಳಿ. ಎಣ್ಣೆಗಾಯಿ, ಕಾಳುಪಲ್ಯ, ಶೇಂಗಾ ಹಿಂಡಿ, ಅಗಸಿ ಹಿಂಡಿ, ಕೆನೆಮೊಸರು, ಹಸಿ ಉಳ್ಳಾಗಡ್ಡಿ. ಖಾರ ಜಾಸ್ತಿಯಾದರೆ ಮೊಸರು ಇನ್ನಷ್ಟು ಹಾಕಿಸಿಕೊಳ್ಳಿ, ಬೇಡ ಅನ್ನುವವರಿಲ್ಲ. ಸಂಜೆ ಮಿರ್ಚಿ ಭಜಿ, ಚುರುಮುರಿ. ಫೆಬ್ರುವರಿ, ಮಾರ್ಚಿನಲ್ಲಿ ಬಂದರೆ ಜಿಲ್ಲೆಯ ದ್ರಾಕ್ಷಿ ಕೈಗಾಡಿಗಳ ಮೇಲೆ ರಾಶಿ ಬಿದ್ದಿರುತ್ತದೆ.

ನೀರಿನ ದಾರಿ, ಕೋಟೆಯ ಗೋಡೆ

ಎರಡನೆಯ ದಿನ ಪಶ್ಚಿಮ. ಇದಕ್ಕೆ ಮೊದಲು ಒಂದು ಮಾತು ತಲೆಯಲ್ಲಿರಲಿ: ಇದು ಮಳೆ ಕಡಿಮೆಯ, ಹತ್ತಿರದಲ್ಲಿ ನದಿಯಿಲ್ಲದ ಊರು. ದಖನ್ನಿನ ಕಪ್ಪು ಬಂಡೆಯ ಮೇಲೆ ಕೂತ ದೊಡ್ಡ ರಾಜಧಾನಿಗೆ ನೀರು ಎಲ್ಲಿಂದ ಬಂತು? ಪಶ್ಚಿಮದ ತೊರವಿಯ ಕಡೆಯಿಂದ ನೆಲದಡಿಯ ಕಾಲುವೆಯಲ್ಲಿ ಬಂತು. ಇದಕ್ಕೆ ಕರೇಜ್ ಎನ್ನುತ್ತಾರೆ. ಬಂಡೆ ಕೊರೆದು ಸುರಂಗ ಮಾಡಿ, ಅಲ್ಲಲ್ಲಿ ಮೇಲಕ್ಕೆ ಬಾವಿಯಂಥ ಕಿಂಡಿ ಬಿಟ್ಟು, ಇಳಿಜಾರಿನ ಬಲದಿಂದಲೇ ನೀರನ್ನು ಊರೊಳಗೆ ತಂದರು. 1651ರಲ್ಲಿ ದಕ್ಷಿಣಕ್ಕೆ ಬೇಗಂ ತಲಾಬ್ ಕಟ್ಟಿ ಮಣ್ಣಿನ ಕೊಳವೆಗಳಲ್ಲಿ ನೀರು ಹರಿಸಿದರು. ದಾರಿಯುದ್ದಕ್ಕೂ ಎತ್ತರದ ನೀರಿನ ಗೋಪುರಗಳು; ಒತ್ತಡ ತಗ್ಗಿಸಿ, ಹೂಳು ಕೆಳಗಿಳಿಸಿ, ತಿಳಿನೀರನ್ನು ಮುಂದೆ ಬಿಡುವುದು ಅವುಗಳ ಕೆಲಸ. ಊರಲ್ಲಿ ನಡೆಯುವಾಗ ಬಾಗಿಲಿಲ್ಲದ, ಚೌಕದ, ಒಂಟಿ ಕಲ್ಲುಗೋಪುರ ಕಂಡರೆ ಅದು ಇದೇ. ಹೊಸಬರು ಕಾವಲುಗೋಪುರ ಅಂದುಕೊಂಡು ದಾಟಿಹೋಗುತ್ತಾರೆ.

ತಾಜ್ ಬಾವಡಿಯಿಂದ ಶುರು ಮಾಡಿ. ಮಕ್ಕಾ ದರ್ವಾಜದ ಹತ್ತಿರ, ಇಬ್ರಾಹಿಂನ ರಾಣಿ ತಾಜ್ ಸುಲ್ತಾನಾಳ ಹೆಸರಿನಲ್ಲಿ 1620ರಲ್ಲಿ ಕಟ್ಟಿದ್ದು. ದೊಡ್ಡ ಕಮಾನಿನ ಕೆಳಗಿಂದ ಮೆಟ್ಟಿಲಿಳಿದರೆ ಚೌಕದ ವಿಶಾಲ ಕೊಳ, ಸುತ್ತ ದಾರಿಹೋಕರು ತಂಗುತ್ತಿದ್ದ ಕೋಣೆಗಳು. ಬಹಳ ವರ್ಷ ಕಸ, ಹೂಳು ತುಂಬಿತ್ತು. ಕಳೆದ ದಶಕದಲ್ಲಿ ಊರಿನ ಹಳೆಯ ಬಾವಡಿಗಳ ಹೂಳೆತ್ತುವ ಕೆಲಸ ನಡೆದು ಮತ್ತೆ ನೀರು ಕಾಣುವಂತಾಯಿತು. ದಯವಿಟ್ಟು ಅದರಲ್ಲಿ ಏನನ್ನೂ ಎಸೆಯಬೇಡಿ, ಪೂಜೆಯ ಹೂವನ್ನೂ.

ಮಲಿಕ್-ಎ-ಮೈದಾನ್ ತೋಪು ಕೋಟೆಯ ಪಶ್ಚಿಮ ಬುರುಜಿನ ಮೇಲಿದೆ. 1549ರಲ್ಲಿ ಅಹ್ಮದನಗರದಲ್ಲಿ ಮುಹಮ್ಮದ್ ಬಿನ್ ಹುಸೇನ್ ರೂಮಿ ಎಂಬವನು ಎರಕ ಹೊಯ್ದ ಕಂಚಿನ ತೋಪು. ಉದ್ದ ಸುಮಾರು ನಾಲ್ಕೂವರೆ ಮೀಟರ್, ತೂಕ 55 ಟನ್ ಎನ್ನುತ್ತಾರೆ. ಬಾಯಿಯನ್ನು ಹತ್ತಿರದಿಂದ ನೋಡಿ: ಸಿಂಹ ಬಾಯಿ ತೆರೆದು ಆನೆಯನ್ನು ನುಂಗುತ್ತಿದೆ. ಅಲ್ಲಿಂದ ನಡೆದು ಹೋಗುವಷ್ಟು ದೂರದಲ್ಲಿ ಉಪಲಿ ಬುರುಜು, 1584ರಲ್ಲಿ ಹೈದರ್ ಖಾನ್ ಕಟ್ಟಿಸಿದ 80 ಅಡಿ ಎತ್ತರದ ದುಂಡು ಗೋಪುರ. ಮೆಟ್ಟಿಲು ಹೊರಮೈಯಲ್ಲಿ ಸುತ್ತಿಕೊಂಡು ಏರುತ್ತದೆ, ಪಕ್ಕದ ಕಟ್ಟೆ ಗಿಡ್ಡ. ಸಣ್ಣ ಮಕ್ಕಳ ಕೈ ಬಿಡಬೇಡಿ. ಮೇಲೆ ಉದ್ದನೆಯ ಕಬ್ಬಿಣದ ತೋಪುಗಳು, ಸುತ್ತ ಇಡೀ ಊರು.

ಕೋಟೆಗೋಡೆಯ ಒಟ್ಟು ಸುತ್ತಳತೆ ಸುಮಾರು 10 ಕಿಲೋಮೀಟರು. ಪೂರ್ತಿ ಸುತ್ತುವುದು ಎಲ್ಲರಿಂದಾಗದು, ಕೆಲವೆಡೆ ಗೋಡೆಯೇ ಇಲ್ಲ. ಆದರೆ ಈ ಪಶ್ಚಿಮ ಭಾಗದಲ್ಲಿ ಅರ್ಧ ತಾಸು ಗೋಡೆಗುಂಟ ನಡೆದರೆ ಒಂದು ಸಂಗತಿ ಕಾಣುತ್ತದೆ: ಗೋಡೆಯ ಕಟ್ಟಣೆ ಅಲ್ಲಲ್ಲಿ ಬದಲಾಗುತ್ತದೆ. ಅಲಿ ಆದಿಲ್ ಶಾಹ ತನ್ನ ಒಬ್ಬೊಬ್ಬ ಸರದಾರನಿಗೆ ಒಂದೊಂದು ತುಂಡು ಒಪ್ಪಿಸಿದ್ದರಿಂದ ಹೀಗಾಯಿತೆನ್ನುತ್ತಾರೆ. ಕಲ್ಲಿನ ಅಳತೆ, ಬುರುಜಿನ ಆಕಾರ ನೋಡುತ್ತ ಒಬ್ಬನ ಕೆಲಸ ಎಲ್ಲಿ ಮುಗಿದು ಇನ್ನೊಬ್ಬನದು ಎಲ್ಲಿ ಶುರುವಾಯಿತೆಂದು ಗುರುತಿಸುತ್ತ ಹೋಗಬಹುದು.

ಸಂಜೆ: ರೋಜಾ

ಇಬ್ರಾಹಿಂ ರೋಜಾಕ್ಕೆ ನಾಲ್ಕು ಗಂಟೆಗೆ ತಲುಪಿ. ಒಂದೇ ಜಗುಲಿಯ ಮೇಲೆ ಪೂರ್ವಕ್ಕೆ ಗೋರಿ, ಪಶ್ಚಿಮಕ್ಕೆ ಮಸೀದಿ, ನಡುವೆ ಕೊಳ. ಸಂಜೆಯ ಬಿಸಿಲು ಗೋರಿಯ ಪಶ್ಚಿಮ ಮುಖದ ಮೇಲೆ ಓರೆಯಾಗಿ ಬಿದ್ದಾಗ ಗೋಡೆಯ ಬರಹಗಳು ಕಲ್ಲಿನಿಂದ ಮೇಲೆದ್ದಂತೆ ಕಾಣುತ್ತವೆ. ನಡುಹಗಲಲ್ಲಿ ಬಂದವರಿಗೆ ಇದು ಸಿಗುವುದಿಲ್ಲ.

ಶಿಲ್ಪಿ ಮಲಿಕ್ ಸಂದಲ್. ರಾಣಿ ತಾಜ್ ಸುಲ್ತಾನಾಳಿಗೆಂದು ಶುರುವಾದ ಗೋರಿ. 1627ರಲ್ಲಿ ತೀರಿಹೋದ ಇಬ್ರಾಹಿಂನೂ ಇಲ್ಲೇ ಮಲಗಿದ್ದಾನೆ. ಗಾತ್ರದಲ್ಲಿ ಗೋಳಗುಮ್ಮಟದ ಮುಂದೆ ಇದು ಚಿಕ್ಕದು, ಆದರೆ ಇಲ್ಲಿ ಒಂದು ಗೇಣು ಕಲ್ಲನ್ನೂ ಸುಮ್ಮನೆ ಬಿಟ್ಟಿಲ್ಲ. ಕಿಟಕಿಗಳನ್ನು ಗಮನಿಸಿ: ಜಾಲರಿಯೆಂದು ಕಾಣುವುದು ಅರಬ್ಬಿ ಅಕ್ಷರಗಳು. ಅಕ್ಷರವನ್ನೇ ಕೊರೆದು ಬೆಳಕಿಗೆ ದಾರಿ ಮಾಡಿದ್ದಾರೆ. ಒಳಕೋಣೆಯ ಚಪ್ಪಟೆ ಕಲ್ಲಿನ ಚಾವಣಿಗೆ ನಡುವೆ ಯಾವ ಆಸರೆಯೂ ಇಲ್ಲ. ಗಾರೆಯ ಹಿಡಿತದಿಂದಲೇ ನಿಂತಿದೆ. ಸೂರಿನ ಕೆಳಗಿನ ಕಲ್ಲಿನ ಕೈತೋಳುಗಳನ್ನು, ಗುಮ್ಮಟದ ಬುಡದ ದಳಗಳನ್ನು ನಿನ್ನೆ ನೋಡಿದವುಗಳ ಜೊತೆ ಹೋಲಿಸಿ. ಎರಡು ದಿನ ನಡೆದವರಿಗೆ ಈ ಹೊತ್ತಿಗೆ ಈ ಊರಿನ ಕಟ್ಟಡಗಳ ಕೈಗುರುತು ತಾನಾಗಿ ತಿಳಿಯತೊಡಗುತ್ತದೆ.

ಈ ಇಬ್ರಾಹಿಂನ ಬಗ್ಗೆ ತಿಳಿದುಕೊಂಡೇ ಬನ್ನಿ. 1580ರಲ್ಲಿ ಬಾಲಕನಾಗಿ ಪಟ್ಟವೇರಿದವನು. ಹಾಡುಗಾರ. ‘ಕಿತಾಬ್-ಎ-ನವರಸ್’ ಎಂಬ ಹಾಡುಗಳ ಪುಸ್ತಕವನ್ನು ದಖನಿಯಲ್ಲಿ ಬರೆದ. ಅದರಲ್ಲಿ ಸರಸ್ವತಿಯನ್ನೂ ಗಣಪತಿಯನ್ನೂ ಸ್ತುತಿಸಿದ. ತನ್ನ ತಂಬೂರಿಗೆ ಮೋತಿ ಖಾನ್ ಎಂದು ಹೆಸರಿಟ್ಟ. ಜನ ಅವನನ್ನು ಜಗದ್ಗುರು ಬಾದಶಾಹ ಎಂದರು. ಇತಿಹಾಸಕಾರ ಫಿರಿಸ್ತಾ ತನ್ನ ಗ್ರಂಥ ಬರೆದದ್ದು ಇವನ ಆಸ್ಥಾನದಲ್ಲಿ. ತೊರವಿಯ ಹತ್ತಿರ ನವರಸಪುರ ಎಂಬ ಹೊಸ ಊರನ್ನೇ ಕಟ್ಟಲು ಹೊರಟಿದ್ದ. 1624ರಲ್ಲಿ ಮಲಿಕ್ ಅಂಬರ್ ಅದನ್ನು ಹಾಳುಗೆಡವಿದ. ಅಲ್ಲಿ ಉಳಿದಿರುವ ಸಂಗೀತ ಮಹಲ್ ನೋಡಬೇಕೆನ್ನುವವರು ಆಟೊ ಮಾಡಿಕೊಂಡು ಹೋಗಿ, ನಡಿಗೆಗೆ ಅದು ದೂರ. ತೊರವಿಗೆ ಹೋದ ಕನ್ನಡಿಗರು ನರಸಿಂಹನ ಗುಡಿಗೂ ಹೋಗಲೇಬೇಕು. ತೊರವೆ ರಾಮಾಯಣದ ಕುಮಾರ ವಾಲ್ಮೀಕಿಯ ಊರದು. ಆದಿಲ್ ಶಾಹಿ ರಾಜಧಾನಿಯ ಪಕ್ಕದಲ್ಲೇ ಕನ್ನಡದ ಒಂದು ದೊಡ್ಡ ರಾಮಾಯಣ ಹುಟ್ಟಿದ ನೆಲ.

ಇನ್ನೊಂದು ಭೇಟಿ ನನ್ನ ಸ್ವಂತ ಒತ್ತಾಯ. ವಿಜಯಪುರದಲ್ಲಿ ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು ಊರೂರು ಅಲೆದು ವಚನಗಳ ತಾಡೋಲೆ ಕೂಡಿಹಾಕಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗ ಪ್ರಕಟಿಸಿ, ಆಮೇಲೆ ಮುದ್ರಣಾಲಯ ಹಾಕಿ ‘ಶಿವಾನುಭವ’ ಪತ್ರಿಕೆ ನಡೆಸಿದ್ದು ಈ ಊರಿನಲ್ಲಿ. ಅವರ ಹೆಸರಿನ ಸಂಶೋಧನ ಕೇಂದ್ರ ಇಲ್ಲಿದೆ. ಗುಮ್ಮಟ ನೋಡಲು ಬಂದವರು ಅದನ್ನೂ ನೋಡಿ ಹೋಗಲಿ.

ಒಂದೇ ದಿನವಿದ್ದರೆ

ಎರಡು ದಿನ ಆಗುವುದೇ ಇಲ್ಲ ಎನ್ನುವವರು ಹೀಗೆ ಮಾಡಿ. ಬೆಳಿಗ್ಗೆ ಬಾಗಿಲು ತೆಗೆಯುತ್ತಲೇ ಗೋಳಗುಮ್ಮಟ, ಒಂಬತ್ತೂವರೆಗೆ ಹೊರಗೆ. ಓಣಿಗಳ ಮೂಲಕ ಜಾಮಿ ಮಸೀದಿ, ಮೆಹ್ತರ್ ಮಹಲ್, ಹನ್ನೊಂದೂವರೆಗೆ ಗಗನ್ ಮಹಲ್. ಊಟ, ವಿಶ್ರಾಂತಿ. ಮೂರಕ್ಕೆ ಟಾಂಗಾ ಅಥವಾ ಆಟೊದಲ್ಲಿ ತೋಪಿನ ಬುರುಜು. ಹತ್ತುವ ಮೊದಲೇ ಬಾಡಿಗೆ ಮಾತಾಡಿಕೊಳ್ಳಿ, ಟಾಂಗಾದ ಕುದುರೆ ಬಳಲಿದ್ದರೆ ಬೇರೆಯದನ್ನು ಹುಡುಕಿ. ಅಲ್ಲಿಂದ ತಾಜ್ ಬಾವಡಿಗೆ, ಮಕ್ಕಾ ದರ್ವಾಜದಾಚೆ ರೋಜಾಕ್ಕೆ ನಡೆದೇ ಹೋಗಿ. ಏನಾದರೂ ಬಿಡಲೇಬೇಕೆಂದರೆ ಉಪಲಿ ಬುರುಜನ್ನು ಬಿಡಿ, ಬಾರಾ ಕಮಾನ್ ಬಿಡಿ. ಮೆಹ್ತರ್ ಮಹಲ್ ಮಾತ್ರ ಬಿಡಬೇಡಿ. ಅದಕ್ಕೆ ಬೇಕಾದದ್ದು ಇಪ್ಪತ್ತು ನಿಮಿಷ ಮತ್ತು ಒಂದು ಟಾರ್ಚ್.